ಚಿಕ್ಕ ಕಬ್ಬಿಣದ ಹತ್ತರಿ ಅದುರುತ್ತೆ, ಬಾಯಿ ಕಟ್ಟಿಕೊಳ್ಳುತ್ತೆ: ಏನು ಮಾಡಬೇಕು?

ಪ್ರಶ್ನೆ: ಸಾಗರದ ಹತ್ತಿರ ನಮ್ಮ ಊರು. ನಾನು ಬಡಗಿ ಅಲ್ಲ, ಭಾನುವಾರ ಮಾತ್ರ ಮರಗೆಲಸ ಮಾಡುವವನು. ಬ್ಲಾಕ್ ಪ್ಲೇನ್ ಅಂತಾರಲ್ಲ, ಒಂದೇ ಕೈಯಲ್ಲಿ ಹಿಡಿಯುವ ಆರೂವರೆ ಇಂಚಿನ ಕಬ್ಬಿಣದ ಹತ್ತರಿ, ಅದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಆನ್‌ಲೈನಲ್ಲಿ ತರಿಸಿದೆ. ಹಿಂದೆ ಬ್ಲೇಡು ಮುಂದೆ ತಳ್ಳುವ ತಿರುಪು ಇದೆ, ಬಾಯಿ, ಅಂದರೆ ತಳದಲ್ಲಿ ಬ್ಲೇಡು ಹೊರಬರುವ ಸಂದಿ, ಹೆಚ್ಚು ಕಡಿಮೆ ಮಾಡಲು ಬರಲ್ಲ. ಹಲಸಿನ ಪೆಟ್ಟಿಗೆಯ ಮುಚ್ಚಳಕ್ಕೆ ಹೊಡೆದರೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ, ಕೆಲವು ಕಡೆ ಎಳೆ ಕಿತ್ತು ಗುಂಡಿಯಾಗಿದೆ. ನಾಲ್ಕು ಸಲ ತಳ್ಳಿದರೆ ಬಾಯಿ ಕಟ್ಟಿಕೊಳ್ಳುತ್ತದೆ. ಬ್ಲೇಡು ಒಂದು ಕಡೆಗೆ ಜಾರುತ್ತದೆ. ವಿಡಿಯೋಗಳಲ್ಲಿ ತಳವನ್ನು ಗಂಟೆಗಟ್ಟಲೆ ಉಜ್ಜುತ್ತಾರೆ, ನಾನೂ ಹಾಗೇ ಮಾಡಬೇಕಾ? ದಪ್ಪ ಬ್ಲೇಡು ಹಾಕಿದರೆ ಸರಿಹೋಗುತ್ತಾ? ಇಲ್ಲ, ಬಿಸಾಕಿ ದುಬಾರಿದು ಕೊಳ್ಳಲಾ? ಆ ಮುಚ್ಚಳ ಉಳಿಯುತ್ತಾ?

ಉತ್ತರ: ಬಿಸಾಕಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಎರಡು ಒಂದೇ ಜಾಗದಿಂದ ಬರುತ್ತಿರುವ ಹಾಗೆ ಕಾಣುತ್ತದೆ. ಅದು ತಳ ಅಲ್ಲ. ಬ್ಲೇಡು ಕೂರುವ ಇಳಿಜಾರು.

ನಮ್ಮಪ್ಪ ಬಡಗಿ. ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದೆ. ಹಾಗಾಗಿ ಮರ ಕೀಸುವುದನ್ನೂ ಕಬ್ಬಿಣ ಅರ ಹಾಕುವುದನ್ನೂ ಎರಡೂ ಕಡೆಯಿಂದ ನೋಡಿದ್ದೇನೆ. ಹತ್ತರಿ ಅಂದರೆ ಏನು? ಒಂದು ಉಳಿಯನ್ನು ಅಲುಗಾಡದ ಹಾಗೆ ಹಿಡಿದು, ಮರಕ್ಕೆ ಇಷ್ಟೇ ಇಷ್ಟು ಇಳಿಯುವಂತೆ ಮಾಡುವ ಹಿಡಿ. ಅಷ್ಟೆ. ಉಳಿ ಅಲುಗಾಡಿದರೆ ಉಳಿದದ್ದು ಯಾವುದನ್ನು ಸರಿ ಮಾಡಿದರೂ ಉಪಯೋಗ ಇಲ್ಲ. ಕಡಿಮೆ ಬೆಲೆಯ ಹತ್ತರಿಗಳಲ್ಲಿ ಎರಕ ಕೆಟ್ಟದಾಗಿರುವುದು ಅಪರೂಪ. ಎರಕ ಆದಮೇಲೆ ಅರ ಹಾಕಿ, ಉಜ್ಜಿ, ಹೊಂದಿಸುವ ಕೈಕೆಲಸ ಇರುತ್ತದಲ್ಲ, ಅದನ್ನು ಮಾಡದೆ ಡಬ್ಬಕ್ಕೆ ಹಾಕಿರುತ್ತಾರೆ. ಅವರು ಬಿಟ್ಟ ಕೆಲಸವನ್ನು ನೀವು ಮಾಡಬೇಕು. ಒಂದು ದಿನ ಸಾಕು.

ಮೊದಲು ನಿಮ್ಮ ಕೈಲಿರುವುದು ಎಂಥದ್ದು ಅಂತ ಗೊತ್ತಿರಲಿ. ಅಮೆರಿಕದ ಸ್ಟಾನ್ಲಿ ಕಂಪನಿ 1869ರಲ್ಲಿ ಲಿಯೊನಾರ್ಡ್ ಬೈಲಿ ಎಂಬಾತನ ವ್ಯಾಪಾರವನ್ನೂ ಪೇಟೆಂಟುಗಳನ್ನೂ ಕೊಂಡುಕೊಂಡಿತು. ಆಮೇಲೆ ಬಂದ 9½, 60½, 110 ಅನ್ನುವ ನಂಬರಿನ ಚಿಕ್ಕ ಹತ್ತರಿಗಳ ಅಚ್ಚನ್ನೇ ಇವತ್ತಿಗೂ ಎಲ್ಲರೂ ಹಿಂಬಾಲಿಸುತ್ತಾರೆ. 9½ ಮತ್ತು 110ರಲ್ಲಿ ಬ್ಲೇಡು ಸುಮಾರು 20 ಡಿಗ್ರಿಯಲ್ಲಿ ಮಲಗಿರುತ್ತದೆ. 60½ರಲ್ಲಿ ಇನ್ನೂ ಚಪ್ಪಟೆ, ಸುಮಾರು 12. ನಿಮ್ಮದು ವಿವರಣೆ ನೋಡಿದರೆ 110ರ ಅಣ್ಣನೋ ತಮ್ಮನೋ ಇರಬೇಕು. ಇವೆಲ್ಲದರಲ್ಲಿ ಬ್ಲೇಡಿನ ಓರೆ, ಅಂದರೆ ಚೂಪು ತುದಿಗೆ ಇಳಿಜಾರಾಗಿ ಮಸೆದ ಮುಖ, ಮೇಲ್ಮುಖವಾಗಿರುತ್ತದೆ. ನಮ್ಮ ಕಡೆಯ ಮರದ ಹತ್ತರಿಯಲ್ಲಿ, ದೊಡ್ಡ ಕಬ್ಬಿಣದ ಹತ್ತರಿಯಲ್ಲಿ ಓರೆ ಕೆಳಮುಖ. ಈ ಒಂದು ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಎರಡು ಮೂರು ಕಡೆ ಬೇಕಾಗುತ್ತದೆ. ಬ್ಲೇಡು ಉಲ್ಟಾ ಹಾಕಿಕೊಂಡು "ಕಚ್ಚುತ್ತಿಲ್ಲ" ಅಂತ ಬಂದವರನ್ನು ಎಷ್ಟೋ ಜನರನ್ನು ಕಂಡಿದ್ದೇನೆ. ಹಾಗಾಗಿ ಅದನ್ನೂ ಒಮ್ಮೆ ನೋಡಿಬಿಡಿ.

ಈಗ ಬ್ಲೇಡು ಬಿಚ್ಚಿ. ಬಾಯಿಯ ಹಿಂಭಾಗದಲ್ಲಿ ಬ್ಲೇಡು ಕೂರುವ ಚಿಕ್ಕ ಇಳಿಜಾರು ಕಾಣುತ್ತದೆ, ಅದರ ಅಗಲ ಬ್ಲೇಡಿನಷ್ಟೇ, ಉದ್ದ ಮಾತ್ರ ಒಂದೆರಡು ಸೆಂಟಿಮೀಟರ್. ಅಲ್ಲಿ ಬಣ್ಣ ಇದೆಯಾ ನೋಡಿ. ಹತ್ತರಲ್ಲಿ ಎಂಟು ಹತ್ತರಿಗಳಲ್ಲಿ ಇರುತ್ತದೆ. ಹೊರಗೆ ಬಣ್ಣ ಹೊಡೆಯುವಾಗ ಒಳಗೂ ಸಿಡಿದಿರುತ್ತದೆ, ಹನಿಹನಿಯಾಗಿ ಗಟ್ಟಿಯಾಗಿರುತ್ತದೆ. ಅದರ ಮೇಲೆ ಬ್ಲೇಡು ಕೂತರೆ ಕಾಲು ಉದ್ದಗಿಡ್ಡ ಇರುವ ಮಣೆಯ ಮೇಲೆ ಕೂತ ಹಾಗೆ. ಮೇಲಿಂದ ಎಷ್ಟು ಬಿಗಿ ಮಾಡಿದರೂ ತುದಿ ಗಾಳಿಯಲ್ಲೇ. ಮರ ತಾಗಿದ ಕೂಡಲೇ ತುದಿ ಕೆಳಗೆ ಬಾಗುತ್ತದೆ, ಬಿಡಿಸಿಕೊಂಡು ಮೇಲೆ ಚಿಮ್ಮುತ್ತದೆ, ಮತ್ತೆ ಬಾಗುತ್ತದೆ. ನಿಮ್ಮ ಮುಚ್ಚಳದ ಮೇಲಿನ ಅಲೆಗಳು ಅವೇ. ಒಂದು ಕಡೆ ಜಾರುವುದಕ್ಕೂ ಮುಕ್ಕಾಲು ಪಾಲು ಇದೇ ಕಾರಣ.

ಬಣ್ಣ ತೆಗೆಯಲು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಅದಾದ ಮೇಲೆ ಬ್ಲೇಡಿನ ಚಪ್ಪಟೆ ಬೆನ್ನಿಗೆ ಪರ್ಮನೆಂಟ್ ಮಾರ್ಕರ್ ಹಚ್ಚಿ, ಶಾಯಿ ಹಸಿ ಇರುವಾಗಲೇ ಜಾಗದಲ್ಲಿ ಕೂರಿಸಿ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಸರಿಸಿ, ಎತ್ತಿ ನೋಡಿ. ಟೂಲ್‌ರೂಮಿನಲ್ಲಿ ಇದಕ್ಕೆ ನೀಲಿ ಹಚ್ಚಿ ನೋಡುವುದು ಅಂತೀವಿ, ಅದಕ್ಕೇ ಅಂತ ಒಂದು ನೀಲಿ ಲೇಪ ಬರುತ್ತದೆ, ಅದು ಸಿಕ್ಕರೆ ಇನ್ನೂ ಒಳ್ಳೆಯದು. ಇಳಿಜಾರಿನ ಮೇಲೆ ಎಲ್ಲಿ ಬಣ್ಣ ಅಂಟಿದೆಯೋ ಅಲ್ಲಿ ಉಬ್ಬಿದೆ ಅಂತ ಅರ್ಥ. ಸಾಮಾನ್ಯವಾಗಿ ಒಂದು ಮೂಲೆಯಲ್ಲಿ, ಇಲ್ಲದಿದ್ದರೆ ನಡುವಿನಲ್ಲಿ. ನಿಮಗೆ ಬೇಕಾದದ್ದು ಬಾಯಿಯ ಪಕ್ಕದಲ್ಲೇ, ಎಡದಿಂದ ಬಲಕ್ಕೆ ಪೂರ್ತಿ ಒಂದು ಪಟ್ಟಿಯಷ್ಟು ತಾಗುವುದು. ಹಿಂದೆ ತಿರುಪಿನ ಹತ್ತಿರ ಇನ್ನೊಂದು ಕಡೆ ತಾಗಬೇಕು. ನಡುವೆ ತಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದೇ ಒಳ್ಳೆಯದು.

ಉಬ್ಬಿದ ಕಡೆ ಮಾತ್ರ ಅರ ಹಾಕಿ. ಕೀಲಿಕೈ ಮಾಡುವವರು ಬಳಸುವ ತೆಳುವಾದ ಚಪ್ಪಟೆ ಅರ ಈ ಜಾಗಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಮೂರು ಸಲ ಎಳೆಯಿರಿ, ಮತ್ತೆ ಶಾಯಿ ಹಚ್ಚಿ ನೋಡಿ. ಮತ್ತೆ ಮೂರು ಸಲ. ಅರವನ್ನು ಇಳಿಜಾರಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಅದು ಬಾಯಿ ದಾಟಿ ಕೆಳಗೆ ಬಾಗಿದರೆ ತುದಿಯೇ ಗುಂಡಗಾಗುತ್ತದೆ, ಆಗ ಬ್ಲೇಡಿಗೆ ಎಲ್ಲಿ ಆಸರೆ ಬೇಕಿತ್ತೋ ಅಲ್ಲೇ ಇಲ್ಲದ ಹಾಗಾಗುತ್ತದೆ. ಅವಸರ ಮಾಡಿದರೆ ಕೆಡುವ ಜಾಗ ಇದು. ಸರಿಯಾಯಿತಾ ಅಂತ ತಿಳಿಯಲು ಬಸ್ ಟಿಕೆಟ್ಟಿನಂಥ ತೆಳು ಕಾಗದದ ಎರಡು ಚೂರು ತಗೊಳ್ಳಿ. ಬ್ಲೇಡಿನ ಕೆಳಗೆ ಬಾಯಿಯ ಹತ್ತಿರ ಎಡಕ್ಕೊಂದು ಬಲಕ್ಕೊಂದು ಇಟ್ಟು, ಬ್ಲೇಡನ್ನು ಮೇಲಿಂದ ಒತ್ತಿ ಹಿಡಿಯುವ ಕ್ಯಾಪ್ ಬಿಗಿ ಮಾಡಿ ಎಳೆಯಿರಿ. ಎರಡೂ ಹರಿದು ಬರಬೇಕು. ಒಂದು ಸಲೀಸಾಗಿ ಜಾರಿ ಬಂದರೆ ಆ ಕಡೆ ಇನ್ನೂ ಆಸರೆ ಇಲ್ಲ.

ಇದರ ಜೋಡಿ ಕೆಲಸ, ಮೇಲಿನ ಕ್ಯಾಪು. ಅದರ ಮುಂದಿನ ಮೂತಿ ಬ್ಲೇಡಿನ ಅಗಲಕ್ಕೂ ಒಂದೇ ಸಮ ಒತ್ತಬೇಕು. ಬ್ಲೇಡಿನ ಮೇಲೆ ಕ್ಯಾಪ್ ಇಟ್ಟು ಬೆಳಕಿಗೆ ಹಿಡಿಯಿರಿ. ಬೆಳಕು ತೂರುತ್ತದೆ ಅಲ್ವಾ? ಆ ಸಂದಿಗೆ ಕೀಸಿದ ಮರದ ಸುರುಳಿಯ ತುದಿ ಹೋಗಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು, ನಾಲ್ಕನೇ ತಳ್ಳಿಗೆ ಬಾಯಿ ಬಂದ್. ನಿಮ್ಮ ಹತ್ತರಿ ಕಟ್ಟಿಕೊಳ್ಳಲು ಬಾಯಿ ಚಿಕ್ಕದಾಗಿರುವುದು ಕಾರಣ ಇರಲಾರದು. ಇಂಥವುಗಳ ಬಾಯಿ ಎರಡು ಮಿಲಿಮೀಟರಿಗಿಂತ ಜಾಸ್ತಿಯೇ ತೆರೆದಿರುತ್ತದೆ. ಕ್ಯಾಪಿನ ಮೂತಿಯ ಅಡಿಭಾಗವನ್ನು ಸಾಣೆ ಕಲ್ಲಿನ ಮೇಲೆ, ಹಿಂಭಾಗ ಸ್ವಲ್ಪ ತಗ್ಗಿಸಿ ಹಿಡಿದು, ಉಜ್ಜಿ. ಹಾಗೆ ಹಿಡಿದರೆ ಮೂತಿಯ ತುದಿಯೇ ಮೊದಲು ತಾಗುವಂತೆ ಆಗುತ್ತದೆ. ಮೇಲ್ಭಾಗದಲ್ಲಿ ಬಣ್ಣದ ಮೆಟ್ಟಿಲು ಇದ್ದರೆ ಅದನ್ನೂ ನುಣ್ಣಗೆ ಮಾಡಿ ಮೇಣ ಹಚ್ಚಿ. ಸುರುಳಿ ಅಲ್ಲಿ ತಡೆಯಿಲ್ಲದೆ ಜಾರಬೇಕು.

ಕ್ಯಾಪ್ ಎಷ್ಟು ಬಿಗಿ ಮಾಡಬೇಕು? ಬ್ಲೇಡು ಅಲುಗಾಡಬಾರದು, ಆದರೆ ತಿರುಪು ತಿರುಗಿಸಿದರೆ ಸರಿಯಬೇಕು. ಅಷ್ಟೇ. ಜಾರುತ್ತದೆ ಅಂತ ನೀವು ಈಗ ಇಕ್ಕಳ ಹಾಕಿ ಬಿಗಿ ಮಾಡುತ್ತಿದ್ದರೆ ನಿಲ್ಲಿಸಿ. ಈ ಚಿಕ್ಕ ಹತ್ತರಿಗಳ ತಳ ತೆಳು. ಜಾಸ್ತಿ ಬಿಗಿದರೆ ಬಾಯಿಯ ಹಿಂದೆ ತಳ ಕೆಳಕ್ಕೆ ಉಬ್ಬುತ್ತದೆ. ಎರಕದ ಕಬ್ಬಿಣ ಬಾಗಲ್ಲ ಅಂತ ನಾವು ತಿಳಿದಿರುತ್ತೇವೆ, ಕೂದಲೆಳೆಯಷ್ಟು ಬಾಗುತ್ತದೆ, ನಮ್ಮ ಕೆಲಸ ಕೆಡಲು ಅಷ್ಟು ಸಾಕು.

ಇನ್ನು ಬ್ಲೇಡು. ಹೊಸದಾಗಿ ಬಂದ ಬ್ಲೇಡು ಮಸೆದಿರುವುದಿಲ್ಲ. ಫ್ಯಾಕ್ಟರಿಯಲ್ಲಿ ಗ್ರೈಂಡಿಂಗ್ ಮಾಡಿರುತ್ತಾರೆ, ಮಸೆಯುವ ಕೆಲಸ ನಮ್ಮದು. ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಪ್ಪು ಸಾಣೆ ಕಲ್ಲಿನ ನುಣುಪು ಕಡೆ ಕೂಡ ಈ ಕೆಲಸಕ್ಕೆ ಒರಟೇ. ಕಾರಿಗೆ ಪೇಂಟ್ ಹೊಡೆಯುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ 1000 ಮತ್ತು 2000 ನಂಬರಿನ ವಾಟರ್ ಪೇಪರ್ ಕೇಳಿ. ದಪ್ಪ ಗಾಜಿನ ಮೇಲೆ ನೀರು ಹಾಕಿ ಕಾಗದ ಇಟ್ಟರೆ ತಾನೇ ಅಂಟಿಕೊಳ್ಳುತ್ತದೆ. ಮೊದಲು ಬೆನ್ನು. ಪೂರ್ತಿ ಬೆನ್ನು ಕನ್ನಡಿ ಮಾಡಲು ಹೋಗಬೇಡಿ, ತುದಿಯ ಹತ್ತಿರ ಐದಾರು ಮಿಲಿಮೀಟರ್ ಚಪ್ಪಟೆ ಮತ್ತು ನುಣುಪು ಆದರೆ ಸಾಕು. ಆಮೇಲೆ ಓರೆ. ಓರೆ ಕಡೆ ಮಸೆಯುತ್ತಾ ಹೋದರೆ ಬೆನ್ನಿನ ಕಡೆ ಬೆರಳಿಗೆ ತಾಗುವ ಸಣ್ಣ ಬರ್, ಅಂದರೆ ಲೋಹದ ಒರಟು ಅಂಚು, ಏಳುತ್ತದೆ, ತುದಿಯುದ್ದಕ್ಕೂ ಅದು ಎದ್ದ ಮೇಲೆ 2000ಕ್ಕೆ ಹೋಗಿ, ಕೊನೆಗೆ ಬೆನ್ನು ಒರೆಸಿ ತೆಗೆಯಿರಿ. ಎರಡು ಮೂಲೆಗಳನ್ನು ನಾಲ್ಕೈದು ಸಲ ಜಾಸ್ತಿ ಒತ್ತಿ ಮಸೆದರೆ ಮೂಲೆ ಮರದ ಮೇಲೆ ಗೆರೆ ಬಿಡುವುದು ತಪ್ಪುತ್ತದೆ.

ಓರೆ ಮೇಲ್ಮುಖ ಇರುವ ಹತ್ತರಿಗಳ ಒಂದು ಗುಟ್ಟು ಇದೆ, ಬಹಳ ಜನ ಗಮನಿಸಲ್ಲ. ಇವುಗಳಲ್ಲಿ ಮರಕ್ಕೆ ಎದುರಾಗಿ ತಿಕ್ಕಾಡುವುದು ಬ್ಲೇಡಿನ ಬೆನ್ನು. ಬಳಸಿದಂತೆಲ್ಲ ತುದಿಯ ಹತ್ತಿರ ಬೆನ್ನೇ ಸವೆದು ಗುಂಡಗಾಗುತ್ತದೆ. ನೀವು ಪ್ರತಿ ಸಲ ಓರೆ ಮಾತ್ರ ಮಸೆದು ಬೆನ್ನನ್ನು ಸುಮ್ನೆ ಒಮ್ಮೆ ಒರೆಸಿದರೆ ಆ ಗುಂಡು ಉಳಿದೇಬಿಡುತ್ತದೆ. ಕೈಗೆ ಚೂಪು ಅನಿಸುತ್ತದೆ, ಮರ ಕಚ್ಚಲ್ಲ, ಮೇಲೆ ಜಾರುತ್ತದೆ. ಹಾಗಾದಾಗ ಬೆನ್ನನ್ನೂ ಚೆನ್ನಾಗಿ ಉಜ್ಜಬೇಕು. ಬೇಗ ಆಗಬೇಕು ಅಂದರೆ ಕಾಗದದ ಒಂದು ಅಂಚಿನಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಕೇಲ್ ಇಟ್ಟು, ಬ್ಲೇಡಿನ ಹಿಂಭಾಗವನ್ನು ಅದರ ಮೇಲೆ ಒರಗಿಸಿ, ತುದಿ ಮಾತ್ರ ಕಾಗದಕ್ಕೆ ತಾಗುವಂತೆ ಹತ್ತು ಹದಿನೈದು ಸಲ ಎಳೆಯಿರಿ. ಬೆನ್ನು ಒಂದು ಡಿಗ್ರಿಯೂ ಎತ್ತರವಾಗುವುದಿಲ್ಲ, 20 ಡಿಗ್ರಿಯ ಇಳಿಜಾರಿನಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಎಳೆ ಕಿತ್ತು ಬರುವ ವಿಷಯಕ್ಕೆ ಬರೋಣ. ಹಲಸು ಸುಲಭದ ಮರ ಅಲ್ಲ. ಎಳೆ ಒಂದು ಪಟ್ಟಿ ಆ ಕಡೆ, ಇನ್ನೊಂದು ಪಟ್ಟಿ ಈ ಕಡೆ ಮಲಗಿರುತ್ತದೆ. ಹೊನ್ನೆಯೂ ಹಾಗೇ. ಯಾವ ಕಡೆಯಿಂದ ಹೊಡೆದರೂ ಅರ್ಧ ಮರಕ್ಕೆ ನೀವು ಎದುರು ಎಳೆಯೇ. ತೇಗಕ್ಕೆ, ಸಿಲ್ವರ್ ಓಕಿಗೆ ಹೊಡೆಯುವ ಬ್ಲೇಡಿನಲ್ಲಿ ಹಲಸಿಗೆ ಹೊಡೆದರೆ ಗುಂಡಿ ಬೀಳದೆ ಏನಾಗುತ್ತೆ ಹೇಳಿ. ಆದರೆ ಓರೆ ಮೇಲೆ ಇರುವುದರಿಂದ ಈ ಚಿಕ್ಕ ಹತ್ತರಿಗೆ ದೊಡ್ಡ ಹತ್ತರಿಗೆ ಇಲ್ಲದ ಒಂದು ಅನುಕೂಲ ಇದೆ. ಮರವನ್ನು ಕತ್ತರಿಸುವ ಕೋನ ಅಂದರೆ ಇಳಿಜಾರಿನ ಕೋನ, ಅದಕ್ಕೆ ಓರೆಯ ಕೋನ ಸೇರಿಸಿದಷ್ಟು. ಇಳಿಜಾರು 20, ಓರೆ 25 ಆದರೆ 45. ಅದೇ ಬ್ಲೇಡಿನ ತುದಿಯಲ್ಲಿ ಒಂದು ಕೂದಲೆಳೆಯಷ್ಟು ಅಗಲಕ್ಕೆ ಮಾತ್ರ 35 ಡಿಗ್ರಿ ಮಸೆದರೆ 55. 40 ಮಸೆದರೆ 60. ಕೋನ ಎತ್ತರವಾದಷ್ಟೂ ಬ್ಲೇಡು ಎಳೆಯನ್ನು ಎಬ್ಬಿ ಸೀಳುವ ಬದಲು ಹೆರೆಯುತ್ತದೆ. ತಳ್ಳಲು ಜಾಸ್ತಿ ಬಲ ಬೇಕು, ಸುರುಳಿ ಅಷ್ಟು ಚೆಂದ ಬರಲ್ಲ, ಆದರೆ ಗುಂಡಿ ನಿಲ್ಲುತ್ತದೆ. ದೊಡ್ಡ ಹತ್ತರಿಯಲ್ಲಿ ಓರೆ ಕೆಳಗಿರುವುದರಿಂದ ಎಷ್ಟು ಡಿಗ್ರಿ ಮಸೆದರೂ ಕೋನ 45 ಅಂದರೆ 45, ಬದಲಾಗಲ್ಲ.

ಹಾಗಾಗಿ ನಿಮ್ಮ ದುಡ್ಡು ಖರ್ಚಾಗಬೇಕಾದದ್ದು ಇನ್ನೊಂದು ಹತ್ತರಿಗಲ್ಲ, ಇನ್ನೊಂದು ಬ್ಲೇಡಿಗೆ. ಒಂದನ್ನು 25ರಲ್ಲಿ ಇಟ್ಟುಕೊಳ್ಳಿ, ಅಡ್ಡ ಕೊಯ್ದ ಮರದ ತುದಿ ಸವರಲು, ಮೂಲೆ ಮುರಿಯಲು. ಇನ್ನೊಂದನ್ನು 35 ಅಥವಾ 40ಕ್ಕೆ ಮಸೆದು ಹಲಸು, ಹೊನ್ನೆಗೆ ಅಂತಲೇ ಇಡಿ. ಕೊಳ್ಳುವಾಗ ಹಳೇ ಬ್ಲೇಡು ಜೇಬಿನಲ್ಲಿರಲಿ. 9½ರ ಜಾತಿಗೆ 41 ಮಿಲಿಮೀಟರ್ ಅಗಲದ್ದು, 60½ರ ಜಾತಿಗೆ 35 ಮಿಲಿಮೀಟರಿನದು ಬರುತ್ತದೆ, ಬ್ಲೇಡಿನ ಹಿಂದಿರುವ ಅಡ್ಡ ತೋಡುಗಳು ತಿರುಪಿಗೆ ಹೊಂದುತ್ತವೆಯೋ ಇಲ್ಲವೋ ಅಂಗಡಿಯಲ್ಲೇ ನೋಡಿಕೊಳ್ಳಬೇಕು.

ದಪ್ಪ ಬ್ಲೇಡಿನ ಬಗ್ಗೆ ಕೇಳಿದ್ದಿರಿ. ದಪ್ಪ ಹಾಕಿದರೆ ಬಾಯಿ ಚಿಕ್ಕದಾಗುತ್ತದೆ ಅಂತ ಎಲ್ಲೋ ಓದಿರುತ್ತೀರಿ. ಅದು ಓರೆ ಕೆಳಗಿರುವ ಹತ್ತರಿಗೆ ನಿಜ. ಅಲ್ಲಿ ಚೂಪು ತುದಿ ಇರುವುದು ಬ್ಲೇಡಿನ ಮೇಲ್ಮುಖದಲ್ಲಿ, ದಪ್ಪ ಹೆಚ್ಚಿದಷ್ಟೂ ತುದಿ ಮುಂದಕ್ಕೆ ಬರುತ್ತದೆ. ನಿಮ್ಮದರಲ್ಲಿ ಚೂಪು ತುದಿ ಇಳಿಜಾರಿಗೆ ಅಂಟಿಕೊಂಡ ಬೆನ್ನಿನ ಕಡೆಯೇ ಇದೆ. ದಪ್ಪ ಎಷ್ಟಾದರೂ ತುದಿ ಇದ್ದಲ್ಲೇ ಇರುತ್ತದೆ. ದಪ್ಪ ಬ್ಲೇಡು ಅದುರುವುದು ಕಡಿಮೆ, ಅದು ಹೌದು. ಆದರೆ ಕೂರುವ ಜಾಗ ಸರಿ ಮಾಡಿದ ಮೇಲೆ ಇರುವ ಬ್ಲೇಡೂ ಅದುರಲ್ಲ.

ಬಾಯಿ ಚಿಕ್ಕದು ಮಾಡಲೇಬೇಕು ಅಂದರೆ ಒಂದು ಉಪಾಯ ಇದೆ, ನನಗೆ ಬಹಳ ಇಷ್ಟವಾದದ್ದು. ಬ್ಲೇಡಿನ ಕೆಳಗೆ ತೆಳು ಹಿತ್ತಾಳೆ ತಗಡಿನ ಪಟ್ಟಿ ಇಡುವುದು. ಇಳಿಜಾರು ಚಪ್ಪಟೆಯಾಗಿರುವುದರಿಂದ ಸ್ವಲ್ಪ ಎತ್ತಿದರೂ ತುದಿ ಬಹಳ ಮುಂದೆ ಬರುತ್ತದೆ. 20 ಡಿಗ್ರಿಯಲ್ಲಿ 0.1 ಮಿಲಿಮೀಟರ್ ಪಟ್ಟಿ ಇಟ್ಟರೆ ತುದಿ ಸುಮಾರು 0.3 ಮಿಲಿಮೀಟರ್ ಮುಂದೆ. 12 ಡಿಗ್ರಿಯದಾದರೆ ಸುಮಾರು 0.5. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬದ ಗೋಡೆಯೂ ಹೆಚ್ಚುಕಡಿಮೆ 0.1 ಮಿಲಿಮೀಟರ್ ದಪ್ಪ, ಪರೀಕ್ಷೆಗೆ ಅದನ್ನೇ ಕತ್ತರಿಸಿ ಇಟ್ಟು ನೋಡಬಹುದು. ಪಟ್ಟಿ ಬಾಯಿಯ ಅಂಚಿನವರೆಗೂ ಬರಬೇಕು, ತಿರುಪು ಕೂರುವ ತೋಡಿಗೆ ಅಡ್ಡ ಆಗಬಾರದು, ಬ್ಲೇಡಿನ ಹಿಂಭಾಗಕ್ಕೂ ಅದೇ ದಪ್ಪದ ಚೂರು ಇರಬೇಕು. ಮೂರು ನಾಲ್ಕು ಪಟ್ಟಿ ಒಂದರ ಮೇಲೊಂದು ಪೇರಿಸಬೇಡಿ, ಮತ್ತೆ ಮಣೆ ಅಲುಗಾಡಲು ಶುರು.

ಬಾಯಿಯ ಮುಂದಿನ ಅಂಚನ್ನು ಅರ ಹಾಕಿ ನೇರ ಮಾಡುವುದು ಬೇರೆ ಕೆಲಸ. ಇದನ್ನು ಮಾಡುವ ಮುಂಚೆ ಎರಡು ಸಲ ಯೋಚಿಸಿ. ಬಾಯಿಯಿಂದ ತೆಗೆದ ಕಬ್ಬಿಣ ವಾಪಸ್ ಬರಲ್ಲ. ನಾನು ಹುಡುಗನಾಗಿದ್ದಾಗ ಒಂದು ಒಳ್ಳೇ ಚಿಕ್ಕ ಹತ್ತರಿಯ ಬಾಯಿ ಸೊಟ್ಟ ಇದೆ ಅಂತ ಅರ ಹಾಕಲು ಹೋಗಿ, ಎಡಕ್ಕೆ ಜಾಸ್ತಿ ಆಯ್ತು ಅಂತ ಬಲಕ್ಕೆ, ಬಲಕ್ಕೆ ಜಾಸ್ತಿ ಆಯ್ತು ಅಂತ ಎಡಕ್ಕೆ, ಕೊನೆಗೆ ಬೆರಳು ತೂರುವಷ್ಟು ಬಾಯಿ ಮಾಡಿಟ್ಟೆ. ಅಪ್ಪ ಬೈಯಲಿಲ್ಲ. ಆ ಹತ್ತರಿಯನ್ನು ಬಾಗಿಲು ನಿಲ್ಲಿಸಲು ಇಟ್ಟುಕೊಂಡರು, ಅದು ಬೈದಿದ್ದಕ್ಕಿಂತ ಹೆಚ್ಚಾಯಿತು. ಮೂಲೆಮಟ್ಟ ಇಟ್ಟು ಗೆರೆ ಗೀರಿ, ಗೆರೆಯವರೆಗೆ ಮಾತ್ರ ಹೋಗಿ. ಅರವನ್ನು ಮೇಲ್ಭಾಗ ಮುಂದಕ್ಕೆ ವಾಲಿಸಿ ಹಿಡಿದರೆ ಬಾಯಿ ತಳದಲ್ಲಿ ಅಗಲವಾಗದೆ ಒಳಗೆ ಮಾತ್ರ ಹರಡುತ್ತದೆ, ಸುರುಳಿ ಹೋಗಲು ದಾರಿ ಆಗುತ್ತದೆ.

ಈಗ ತಳ. ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ತಳ ಕನ್ನಡಿಯ ಹಾಗೆ ಹೊಳೆಯಬೇಕಿಲ್ಲ, ಪೂರ್ತಿ ಚಪ್ಪಟೆಯೂ ಇರಬೇಕಿಲ್ಲ. ಮೂತಿ, ಬಾಯಿಯ ಮುಂದಿನ ಅಂಚು, ಬಾಯಿಯ ಹಿಂದಿನ ಅಂಚು, ಹಿಂದಿನ ತುದಿ, ಇವು ಒಂದೇ ಮಟ್ಟದಲ್ಲಿದ್ದರೆ ಸಾಕು. ನಡುವೆ ತಗ್ಗಿದ್ದರೆ ಇರಲಿ. ಜಪಾನಿನ ಬಡಗಿಗಳು ತಮ್ಮ ಮರದ ಹತ್ತರಿಯ ತಳವನ್ನು ಬೇಕೆಂತಲೇ ಅಲ್ಲಲ್ಲಿ ಹೆರೆದು ತಗ್ಗು ಮಾಡುತ್ತಾರೆ, ಎರಡು ಮೂರು ಕಡೆ ಮಾತ್ರ ಮರಕ್ಕೆ ತಾಗುವಂತೆ. ತೊಂದರೆ ಆಗುವುದು ಬಾಯಿಯ ಮುಂದಿನ ಅಂಚು ತಗ್ಗಿನಲ್ಲಿದ್ದಾಗ. ಆಗ ಎಳೆಯನ್ನು ಒತ್ತಿ ಹಿಡಿಯುವವರು ಯಾರೂ ಇಲ್ಲದೆ ಬ್ಲೇಡಿನ ಮುಂದೆ ಅದು ಸೀಳಿಕೊಂಡು ಏಳುತ್ತದೆ. ಸ್ಟೀಲ್ ಸ್ಕೇಲಿನ ಅಂಚನ್ನು ತಳದ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳ ಫೀಲರ್ ಗೇಜ್ ಇದ್ದರೆ 0.05 ಮಿಲಿಮೀಟರ್ ಎಲೆ ಬಾಯಿಯ ಹತ್ತಿರ ತೂರಬಾರದು. ತೂರದಿದ್ದರೆ ತಳ ಮುಟ್ಟಲೇಬೇಡಿ.

ಉಜ್ಜಲೇಬೇಕಾದರೆ ಅಡುಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ಪಾಲಿಶ್ ಗ್ರಾನೈಟ್ ತುಂಡು ಒಂದೂವರೆ ಅಡಿಯದ್ದು ತನ್ನಿ. ನಮ್ಮ ಕಡೆ ಗ್ರಾನೈಟ್ ಅಂಗಡಿಯಲ್ಲಿ ಸುಮ್ನೆ ಕೊಟ್ಟರೂ ಕೊಡುತ್ತಾರೆ. ಹತ್ತು ಹನ್ನೆರಡು ಮಿಲಿಮೀಟರ್ ದಪ್ಪದ ಗಾಜೂ ಆಗುತ್ತದೆ, ಸಮತಟ್ಟಾದ ಹಲಗೆಯ ಮೇಲೆ ಇಡಬೇಕು. ಯಾವುದೇ ಆದರೂ ಮೊದಲು ಸ್ಕೇಲ್ ಇಟ್ಟು ಪರೀಕ್ಷೆ ಮಾಡಿ. ನಾನು ಒಮ್ಮೆ ಬಚ್ಚಲುಮನೆಯ ಟೈಲ್ಸ್ ಮೇಲೆ ಎರಡು ಸಂಜೆ ಉಜ್ಜಿದೆ. ಟೈಲ್ಸೇ ಬಾಗಿತ್ತು. ತಳ ದೋಣಿಯಾಯಿತು, ಅದನ್ನು ವಾಪಸ್ ಸರಿ ಮಾಡಲು ಇನ್ನೂ ಮೂರು ಸಂಜೆ.

ಬ್ಲೇಡು ಜಾಗದಲ್ಲೇ ಇರಲಿ, ಒಂದೆರಡು ಮಿಲಿಮೀಟರ್ ಒಳಕ್ಕೆ ಎಳೆದುಕೊಂಡಿರಲಿ, ಕ್ಯಾಪ್ ಕೆಲಸಕ್ಕೆ ಬಿಗಿ ಮಾಡುವಷ್ಟೇ ಬಿಗಿಯಾಗಿರಲಿ. ಕ್ಯಾಪಿನ ಒತ್ತಡದಲ್ಲಿ ತಳ ಹೇಗಿರುತ್ತದೋ ಹಾಗೇ ಉಜ್ಜಬೇಕು, ಬಿಚ್ಚಿಟ್ಟು ಉಜ್ಜಿದರೆ ಬಿಗಿ ಮಾಡಿದಾಗ ಮತ್ತೆ ಬದಲಾಗುತ್ತದೆ. ಪೆನ್ಸಿಲಿನಿಂದ ತಳದ ತುಂಬಾ ಅಡ್ಡ ಗೆರೆ ಎಳೆದು, 120 ನಂಬರ್ ಕಾಗದದ ಮೇಲೆ ಹತ್ತು ಸಲ ಉಜ್ಜಿ ನೋಡಿ. ನಾಲ್ಕು ಕಡೆ ಗೆರೆ ಅಳಿಸಿದ ಕ್ಷಣ ನಿಲ್ಲಿಸಿ. ಬಹಳ ಕೆಟ್ಟಿದ್ದರೆ ಮಾತ್ರ 80ರಿಂದ ಶುರು. 220ರಲ್ಲಿ ಮುಗಿಸಿ, ಅದಕ್ಕಿಂತ ಮುಂದೆ ಹೋಗುವುದು ಫೋಟೋಗೆ. ಕಪ್ಪು ಪುಡಿ ಕಾಗದದ ಕಣ್ಣು ಮುಚ್ಚುತ್ತದೆ, ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಆಗಾಗ ಎತ್ತಿಬಿಡಿ. ತಳದ ಸುತ್ತಲ ಅಂಚನ್ನು ಅರದಿಂದ ಸ್ವಲ್ಪ ಮುರಿಯಿರಿ, ಮೂತಿಯ ಎರಡು ಮೂಲೆಗಳನ್ನು ಮರೆಯಬೇಡಿ, ಕೆಲಸ ಕೆಡಿಸುವುದು ಅವೇ. ಆಮೇಲೆ ಮೇಣದ ಬತ್ತಿ ಉಜ್ಜಿ. ಇದೊಂದರಿಂದ ತಳ್ಳುವ ಬಲ ಅರ್ಧ ಆದ ಹಾಗೆ ಅನಿಸುತ್ತದೆ, ನಾನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಒಂದು ಗೆರೆ ಎಳೆಯುತ್ತೇನೆ.

ಹಿಂದಿನ ತಿರುಪು ಅರ್ಧ ಸುತ್ತು ಸುಮ್ಮನೆ ತಿರುಗುತ್ತದೆ ಅಂತ ಗೋಳಾಡುವವರು ಇರುತ್ತಾರೆ, ನೀವು ಬರೆದಿಲ್ಲ, ಆದರೆ ನಿಮ್ಮದರಲ್ಲೂ ಇರುತ್ತದೆ. ನಲ್ಲಿ ರಿಪೇರಿಯವರು ಸುತ್ತುವ ಬಿಳಿ ಟೇಪನ್ನು ತಿರುಪಿನ ಸುರುಳಿ ಗೆರೆಗಳ ಮೇಲೆ ಒಂದು ಸುತ್ತು ಹಾಕಿದರೆ ಕಡಿಮೆಯಾಗುತ್ತದೆ. ಬ್ಲೇಡು ಜಾಸ್ತಿ ಹೊರಗೆ ಬಂದರೆ ಪೂರ್ತಿ ಹಿಂದಕ್ಕೆ ಎಳೆದು ಮತ್ತೆ ಮುಂದಕ್ಕೆ ತನ್ನಿ. ಕೊನೆಯ ತಿರುಗು ಯಾವಾಗಲೂ ಮುಂದಕ್ಕೇ ಇರಬೇಕು, ಇಲ್ಲವಾದರೆ ಹಿಂದೆ ಸಂದಿ ಉಳಿದು ಮೊದಲ ತಳ್ಳಿಗೇ ಬ್ಲೇಡು ಸರಿಯುತ್ತದೆ. ಅಕ್ಕಪಕ್ಕ ಸರಿ ಮಾಡಲು ಚಿಕ್ಕ ಸುತ್ತಿಗೆಯಿಂದ ಬ್ಲೇಡಿನ ಹಿಂಭಾಗದ ಬದಿಗೆ ಮೆಲ್ಲಗೆ ತಟ್ಟಿ. ಸರಿಯಾಗಿದೆಯಾ ಅಂತ ಕಣ್ಣಿನಿಂದ ನೋಡುವುದಕ್ಕಿಂತ ಒಂದು ತೆಳು ಮರದ ಚಕ್ಕೆಯನ್ನು ಬಾಯಿಯ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಎಳೆಯಿರಿ. ಎರಡು ಕಡೆಯ ಸುರುಳಿಯೂ ಒಂದೇ ದಪ್ಪ ಬರಬೇಕು.

ಕೈಗೆ ಒಗ್ಗುವಂತೆ ಮಾಡುವುದು ನಿಮಗೆ ಬಿಟ್ಟಿದ್ದು. ನಾನು ಕ್ಯಾಪಿನ ಅಂಗೈ ತಾಗುವ ಜಾಗಕ್ಕೆ ಹಳೇ ಚಪ್ಪಲಿಯ ಚರ್ಮ ಅಂಟಿಸಿದ್ದೇನೆ, ಹನ್ನೆರಡು ವರ್ಷ ಆಯಿತು. ಬಣ್ಣ, ಹೊಳಪು, ಕೆತ್ತನೆ ಇವೆಲ್ಲ ಹಬ್ಬಕ್ಕೆ. ಮಲೆನಾಡಿನ ಮಳೆಯಲ್ಲಿ ತುಕ್ಕು ಮಾತ್ರ ನೋಡಿಕೊಳ್ಳಿ. ಹೊಲಿಗೆ ಯಂತ್ರದ ಎಣ್ಣೆ ಹೀರಿದ ಬಟ್ಟೆಯನ್ನು ಡಬ್ಬಿಯಲ್ಲಿ ಇಟ್ಟುಕೊಂಡು ಕೆಲಸ ಮುಗಿದ ಕೂಡಲೇ ಒಂದು ಸಲ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಕಚ್ಚದಿದ್ದರೆ ಬ್ಲೇಡಿನ ಉಕ್ಕು ಮೆತ್ತಗಿದೆಯಾ ನೋಡಿ. ಹೊಸ ಅರವನ್ನು ಬ್ಲೇಡಿನ ತುದಿಯ ಹತ್ತಿರ ಬದಿಗೆ ಎಳೆಯಿರಿ. ಜಾರಿ ಹೋದರೆ ಗಟ್ಟಿ ಇದೆ. ಬೆಣ್ಣೆ ಕಚ್ಚಿದ ಹಾಗೆ ಕಚ್ಚಿದರೆ ಆ ಬ್ಲೇಡು ಎಷ್ಟು ಮಸೆದರೂ ನಿಲ್ಲಲ್ಲ. ಗ್ರೈಂಡರಿಗೆ ಹಿಡಿದು ನೀಲಿ ಬಣ್ಣ ಬಂದಿದ್ದರೂ ಅದೇ ಕಥೆ, ನೀಲಿಯಾದ ಭಾಗ ಪೂರ್ತಿ ಹೋಗುವವರೆಗೆ ನಿಧಾನವಾಗಿ, ನೀರಿಗೆ ಅದ್ದುತ್ತಾ ಉಜ್ಜಿ ತೆಗೆಯಬೇಕು. ಪರೀಕ್ಷೆಗೆ ಸಿಲ್ವರ್ ಓಕಿನ ತುಂಡೊಂದರ ಅಡ್ಡ ಕೊಯ್ದ ತುದಿಗೆ ಹೊಡೆಯಿರಿ. ಪುಡಿ ಬಂದರೆ ಇನ್ನೂ ಮಸೆಯಬೇಕು, ಹರಿಯದ ಸುರುಳಿ ಬಂದರೆ ಹಲಸಿನ ಮುಚ್ಚಳ ಕೈಗೆತ್ತಿಕೊಳ್ಳಿ.

ಆ ಮುಚ್ಚಳ ಉಳಿಯುತ್ತದೆ. 35 ಡಿಗ್ರಿಗೆ ಮಸೆದ ಬ್ಲೇಡನ್ನು ಸುರುಳಿಯ ಆಚೆ ಬೆರಳು ಕಾಣುವಷ್ಟು ತೆಳುವಿಗೆ ಇಟ್ಟು, ಹತ್ತರಿಯನ್ನು ಸ್ವಲ್ಪ ಓರೆಯಾಗಿ ಹಿಡಿದು ಹೊಡೆಯಿರಿ. ಗುಂಡಿಗಳ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಮುಚ್ಚಳದ ತುಂಬಾ ಅಷ್ಟು ಇಳಿಸಿಬಿಡಬಹುದು. ಆಮೇಲೂ ಅಲ್ಲೊಂದು ಇಲ್ಲೊಂದು ಉಳಿದ ಕಡೆ ಹತ್ತರಿ ಬಿಟ್ಟು, ನಮ್ಮ ಬಡಗಿಗಳು ಮಾಡುವ ಹಾಗೆ ಹೊಸದಾಗಿ ಒಡೆದ ಗಾಜಿನ ಅಂಚಿನಿಂದ ಹೆರೆಯಿರಿ. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.